ಮದ್ದಿಗೆ ಬಗ್ಗದ ರೋಗಾಣು, ಊರು ಮರೆತ ಕೊಳಚೆನೀರು

ಆ್ಯಂಟಿಬಯಾಟಿಕ್‌ಗಳು ಕೈಕೊಡುತ್ತಿರುವುದಕ್ಕೆ ರೋಗಿಯನ್ನೋ, ವೈದ್ಯರನ್ನೋ, ಮೆಡಿಕಲ್ ಶಾಪನ್ನೋ ದೂರುವುದು ರೂಢಿ. ಆದರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಒಬ್ಬರ ಕರುಳಿನಿಂದ ಇನ್ನೊಬ್ಬರ ಕರುಳಿಗೆ ಸಾಗುವ ದೊಡ್ಡ ದಾರಿ ನಮ್ಮ ನಗರಗಳ ಕೊಳಚೆನೀರು. ಆ ದಾರಿಯನ್ನು ಮುಚ್ಚದೆ ಯಾವ ಹೊಸ ಔಷಧವೂ ಬಹುಕಾಲ ಬಾಳದು.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತು. ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ನಗರವನ್ನು ಟೈಫಾಯ್ಡ್ ಆಗಾಗ ಕಾಡುತ್ತಿತ್ತು. ನಗರದ ಕೊಳಚೆ ನೇರ ಸಮುದ್ರಕ್ಕೆ ಹೋಗುತ್ತಿತ್ತು. ಆ ನೀರಿನಲ್ಲೇ ಈಜುವ ಹುಡುಗರಿಗೆ ಅಂದುಕೊಂಡಷ್ಟು ಜ್ವರ ಬರುತ್ತಿಲ್ಲವಲ್ಲ ಎಂಬುದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜುಸೆಪ್ಪೆ ಬ್ರೋಟ್ಸು ಅವರ ಗಮನಕ್ಕೆ ಬಂತು. 1945ರಲ್ಲಿ ಅವರು ಕೊಳಚೆ ಕಡಲು ಸೇರುವ ಜಾಗದ ನೀರಿನಿಂದ ಒಂದು ಬೂಷ್ಟನ್ನು ಬೇರ್ಪಡಿಸಿದರು. ಟೈಫಾಯ್ಡ್ ರೋಗಾಣುವೂ ಸೇರಿದಂತೆ ಹಲವು ಬ್ಯಾಕ್ಟೀರಿಯಾಗಳು ಅದರ ಹತ್ತಿರ ಬೆಳೆಯಲಾರದೆ ಸಾಯುತ್ತಿದ್ದವು. ಮುಂದಿನ ಕೆಲಸಕ್ಕೆ ತಮ್ಮಲ್ಲಿ ಅನುಕೂಲ ಸಾಲದೆ ಬ್ರೋಟ್ಸು ಆ ಬೂಷ್ಟನ್ನು ಆಕ್ಸ್‌ಫರ್ಡ್‌ಗೆ ಕಳುಹಿಸಿಕೊಟ್ಟರು. ಅಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ 1950ರ ದಶಕದಲ್ಲಿ ಅದರಿಂದ ‘ಸೆಫಲೋಸ್ಪೋರಿನ್ ಸಿ’ ಎಂಬ ವಸ್ತುವನ್ನು ಬೇರೆ ಮಾಡಿದರು. ಇವತ್ತು ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗುವ ಸೆಫಿಕ್ಸಿಮ್ ಮಾತ್ರೆ, ಆಸ್ಪತ್ರೆಯಲ್ಲಿ ನರಕ್ಕೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಎರಡೂ ಆ ವಂಶದವೇ.

ಕೊಳಚೆಯ ಬಾಯಲ್ಲಿ ಸಿಕ್ಕ ಈ ಮದ್ದನ್ನು ಜಗತ್ತು ಧಾರಾಳವಾಗಿ ಬಳಸಿತು. 1980ರ ಸುಮಾರಿಗೆ ಸೆಫೊಟ್ಯಾಕ್ಸಿಮ್‌ನಂತಹ ಇನ್ನಷ್ಟು ಬಲವಾದ ಔಷಧಗಳು ಬಂದವು. ಆ ದಶಕ ಮುಗಿಯುವ ಮೊದಲೇ ಅವನ್ನು ಒಡೆದುಹಾಕುವ ಕಿಣ್ವ ಹೊತ್ತ ಬ್ಯಾಕ್ಟೀರಿಯಾ ಜರ್ಮನಿಯ ಮ್ಯೂನಿಕ್‌ನಲ್ಲಿ ಪತ್ತೆಯಾಯಿತು. ‘ಸಿಟಿಎಕ್ಸ್-ಎಂ’ ಎಂಬ ಈ ಕಿಣ್ವದ ಜೀನ್ ಮೊದಲು ಕ್ಲೈವೆರಾ ಎಂಬ, ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ಬ್ಯಾಕ್ಟೀರಿಯಾದಲ್ಲಿತ್ತು. ಅಲ್ಲಿಂದ ನಮ್ಮ ಕರುಳಿನ ಇ. ಕೋಲಿಗೆ ಬಂತು. ಅದರ ಹಲವು ಬಗೆಗಳಲ್ಲಿ ಇಂದು ಜಗತ್ತಿನಾದ್ಯಂತ ಹರಡಿರುವ 15ನೆಯ ಬಗೆಯನ್ನು ಮೊದಲು ಗುರುತಿಸಿದ್ದು 1999ರಲ್ಲಿ ದೆಹಲಿಯಲ್ಲಿ ಸಂಗ್ರಹಿಸಿದ ಮಾದರಿಗಳಲ್ಲಿ. ಈಗ ಆ ಜೀನ್ ನಮ್ಮ ನಗರಗಳ ಒಳಚರಂಡಿಯಲ್ಲಿ ದಿನವೂ ಹರಿಯುತ್ತಿದೆ.

ಎರಡು ತಟ್ಟೆಗಳ ಪರೀಕ್ಷೆ

ಇದನ್ನು ಕಣ್ಣಾರೆ ಕಾಣಲು ದುಬಾರಿ ಯಂತ್ರ ಬೇಕಿಲ್ಲ. ಕೊಳಚೆನೀರಿನ ಮಾದರಿಯನ್ನು ಹತ್ತರಷ್ಟು, ನೂರರಷ್ಟು, ಸಾವಿರದಷ್ಟು ತೆಳುಮಾಡುತ್ತಾ ಹೋಗಬೇಕು. ತೆಳುಮಾಡಿದ ನೀರಿನ ಒಂದೊಂದು ಹನಿಯನ್ನು ಎರಡು ಪೆಟ್ರಿ ತಟ್ಟೆಗಳ ಮೇಲೆ ಹರಡಬೇಕು. ಎರಡರಲ್ಲೂ ಇರುವುದು ಮ್ಯಾಕಾಂಕಿ ಅಗರ್ ಎಂಬ ಪೋಷಕ ಮಾಧ್ಯಮ; ಎರಡನೆಯದಕ್ಕೆ ಮಾತ್ರ ಸೆಫೊಟ್ಯಾಕ್ಸಿಮ್ ಬೆರೆಸಿರುತ್ತಾರೆ. ತಟ್ಟೆಗಳನ್ನು ದೇಹದ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಮೊದಲ ತಟ್ಟೆಯಲ್ಲಿ ಗಾಢ ಗುಲಾಬಿ ಬಣ್ಣದ ಚುಕ್ಕೆಗಳು ಎದ್ದಿರುತ್ತವೆ. ಒಂದೊಂದು ಚುಕ್ಕೆಯೂ ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಸಂಸಾರ. ಹಾಲಿನ ಸಕ್ಕರೆಯನ್ನು ಹುದುಗಿಸುವ ಇ. ಕೋಲಿಯಂತಹ ಕರುಳಿನ ಬ್ಯಾಕ್ಟೀರಿಯಾ ಈ ಬಣ್ಣ ಕೊಡುತ್ತದೆ.

ನಿರೋಧಕತೆ ಎಂಬುದು ಇಲ್ಲದಿದ್ದರೆ ಎರಡನೆಯ ತಟ್ಟೆ ಖಾಲಿ ಉಳಿಯಬೇಕು. ಆದರೆ ಅಲ್ಲೂ ಅದೇ ಗುಲಾಬಿ ಚುಕ್ಕೆಗಳು ಕಾಣುತ್ತವೆ, ಮದ್ದು ಬೆರೆತ ಅಗರ್‌ನ ಮೇಲೆಯೇ ಆರಾಮವಾಗಿ ಬೆಳೆದಿರುತ್ತವೆ. ಎರಡೂ ತಟ್ಟೆಗಳ ಚುಕ್ಕೆ ಎಣಿಸಿದರೆ, ಆ ಬಡಾವಣೆಯ ಜನರ ಕರುಳಿನಲ್ಲಿರುವ ಇಂತಹ ಬ್ಯಾಕ್ಟೀರಿಯಾದಲ್ಲಿ ಎಷ್ಟು ಪಾಲು ಈ ಔಷಧಕ್ಕೆ ಬಗ್ಗದಂತಾಗಿದೆ ಎಂಬ ಒಂದು ಅಂದಾಜು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ‘ಟ್ರೈಸೈಕಲ್’ ಕಾರ್ಯವಿಧಾನದ ತಿರುಳೂ ಹೆಚ್ಚುಕಡಿಮೆ ಇದೇ: ಸೆಫಲೋಸ್ಪೋರಿನ್‌ಗಳಿಗೆ ಬಗ್ಗದ ಇ. ಕೋಲಿಯೊಂದನ್ನೇ ಗುರುತಾಗಿಟ್ಟುಕೊಂಡು ಮನುಷ್ಯರಲ್ಲಿ, ಆಹಾರ ಸರಪಳಿಯಲ್ಲಿ, ಪರಿಸರದಲ್ಲಿ ಒಟ್ಟಿಗೇ ಎಣಿಸುವುದು.

ಆಸ್ಪತ್ರೆಯ ಲ್ಯಾಬ್‌ಗೆ ಬರುವುದು ಕಾಯಿಲೆ ಬಿದ್ದವರ ಮಾದರಿ ಮಾತ್ರ. ಒಳಚರಂಡಿಗೆ ಎಲ್ಲರೂ ಸೇರುತ್ತಾರೆ: ಕಾಯಿಲೆಯವರು, ಗಟ್ಟಿಮುಟ್ಟಾದವರು, ಆಸ್ಪತ್ರೆಯ ಮೆಟ್ಟಿಲು ಹತ್ತಲು ದುಡ್ಡಿಲ್ಲದವರು, ಕೂಸುಗಳು, ಮುದುಕರು. ಹೆಸರು ಕೇಳದೆ, ರಕ್ತ ತೆಗೆಯದೆ, ಲಕ್ಷಾಂತರ ಜನರ ಆರೋಗ್ಯದ ವರದಿಯನ್ನು ಅದು ಕೊಡುತ್ತದೆ.

ಕೊಟ್ಟರೂ ಕಡಿಮೆಯಾಗದ ಆಸ್ತಿ

ಬ್ಯಾಕ್ಟೀರಿಯಾಗಳು ಈ ಶಕ್ತಿಯನ್ನು ಪಡೆಯುವ ಬಗೆಯಲ್ಲೇ ಕೊಳಚೆನೀರಿನ ಅಪಾಯ ಅಡಗಿದೆ. ನಮ್ಮಲ್ಲಿ ಜೀನ್‌ಗಳು ತಂದೆ-ತಾಯಿಯಿಂದ ಮಕ್ಕಳಿಗೆ ಇಳಿಯುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಹಾಗೆ ಇಳಿಯುವುದರ ಜೊತೆಗೆ ಅಕ್ಕಪಕ್ಕಕ್ಕೂ ದಾಟುತ್ತವೆ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡ 1928ರಲ್ಲೇ ಲಂಡನ್ನಿನ ಇನ್ನೊಬ್ಬ ವಿಜ್ಞಾನಿ ಫ್ರೆಡರಿಕ್ ಗ್ರಿಫಿತ್, ಸತ್ತ ಬ್ಯಾಕ್ಟೀರಿಯಾದಿಂದ ಬದುಕಿರುವ ಬ್ಯಾಕ್ಟೀರಿಯಾಕ್ಕೆ ಗುಣವೊಂದು ದಾಟುವುದನ್ನು ತೋರಿಸಿದ್ದರು. ಎರಡು ಬ್ಯಾಕ್ಟೀರಿಯಾಗಳು ಒಂದನ್ನೊಂದು ತಾಗಿ ಜೀನ್ ಹಂಚಿಕೊಳ್ಳುತ್ತವೆ ಎಂಬುದನ್ನು 1946ರಲ್ಲಿ ಅಮೆರಿಕದ ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ ಕಂಡುಕೊಂಡರು. ಇದು ರೋಗಿಗಳ ಪಾಲಿಗೆ ಏನು ಎಂಬುದು ಗೊತ್ತಾದದ್ದು 1950ರ ದಶಕದ ಜಪಾನಿನಲ್ಲಿ. ಅಲ್ಲಿ ಆಮಶಂಕೆ ತರುವ ಶಿಗೆಲ್ಲಾ ಒಂದೇ ಏಟಿಗೆ ಹಲವು ಔಷಧಗಳಿಗೆ ಜಗ್ಗದಂತಾಗಿತ್ತು. ಆ ಗುಣವನ್ನು ಅದು ಒಟ್ಟೊಟ್ಟಿಗೆ ಇ. ಕೋಲಿಯಿಂದ ಪಡೆಯಬಲ್ಲದು, ಇ. ಕೋಲಿಗೆ ಕೊಡಲೂ ಬಲ್ಲದು ಎಂದು ಅಲ್ಲಿನ ವಿಜ್ಞಾನಿಗಳು ತೋರಿಸಿದರು.

ಆ ಜೀನ್‌ಗಳು ಕೂತಿರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಬಳೆಯ ಮೇಲೆ. ಪಕ್ಕದ ಮನೆಗೆ ಒಂದು ಚಮಚ ಹೆಪ್ಪು ಕೊಟ್ಟರೆ ನಮ್ಮ ಮನೆಯ ಮೊಸರೇನೂ ಮುಗಿಯುವುದಿಲ್ಲ, ಅವರ ಮನೆಯಲ್ಲೂ ಮೊಸರಾಗುತ್ತದೆ. ಪ್ಲಾಸ್ಮಿಡ್ ಹಂಚಿಕೆಯೂ ಹಾಗೆಯೇ. ಕೊಡುವ ಬ್ಯಾಕ್ಟೀರಿಯಾ ತನ್ನ ಪ್ರತಿಯನ್ನು ಉಳಿಸಿಕೊಂಡೇ ಇನ್ನೊಂದಕ್ಕೆ ಕೊಡುತ್ತದೆ. ಪಡೆಯುವುದು ಬೇರೆಯೇ ಜಾತಿಯ ಬ್ಯಾಕ್ಟೀರಿಯಾ ಆದರೂ ಅಡ್ಡಿಯಿಲ್ಲ. ಒಂದೇ ಪ್ಲಾಸ್ಮಿಡ್ಡಿನಲ್ಲಿ ಹಲವು ಔಷಧಗಳನ್ನು ಸೋಲಿಸುವ ಜೀನ್‌ಗಳು ಸಾಲಾಗಿ ಇರುವುದೂ ಉಂಟು. ಆಗ ಯಾವುದೋ ಒಂದು ಔಷಧ ಬಳಸಿದರೆ ಸಾಕು, ಉಳಿದವಕ್ಕೂ ಬಗ್ಗದ ಬ್ಯಾಕ್ಟೀರಿಯಾವೇ ಉಳಿದು ಬೆಳೆಯುತ್ತದೆ. ಕೊಳಚೆಯಲ್ಲಿ ಬೆರೆತ ಸತು, ತಾಮ್ರದಂತಹ ಲೋಹಗಳೂ, ನೆಲ ಒರೆಸುವ ಸೋಂಕುನಾಶಕಗಳೂ ಇಂಥದೇ ಒತ್ತಡ ಹಾಕಬಲ್ಲವು.

ಹೀಗೆ ಹಂಚಿಕೊಳ್ಳಲು ಬೇಕಾದದ್ದು ಸಾಂದ್ರವಾದ ಗುಂಪು, ಧಾರಾಳ ಆಹಾರ, ಹಿತವಾದ ಬಿಸಿ. ಒಳಚರಂಡಿಯಲ್ಲಿ ಮೂರೂ ಇವೆ. ಕೊಳವೆಯ ಒಳಗೋಡೆಗೆ ಅಂಟಿದ ಲೋಳೆಯಲ್ಲಿ ಮನುಷ್ಯನ ಕರುಳಿನ ಬ್ಯಾಕ್ಟೀರಿಯಾ, ಆಸ್ಪತ್ರೆಯಿಂದ ಬಂದದ್ದು, ಮಾಂಸದಂಗಡಿಯಿಂದ ಬಂದದ್ದು, ಮಣ್ಣಿನದು ಎಲ್ಲವೂ ಒಂದರ ಮೇಲೊಂದು ನೆಲೆಸಿರುತ್ತವೆ.

ಚರಂಡಿ ಸೇರುವ ಮದ್ದು

ನುಂಗಿದ ಔಷಧವೆಲ್ಲ ದೇಹದಲ್ಲೇ ಕರಗಿಹೋಗುವುದಿಲ್ಲ. ಅಮಾಕ್ಸಿಸಿಲಿನ್‌ನ ಅರ್ಧಕ್ಕಿಂತ ಹೆಚ್ಚು ಪಾಲು ರೂಪ ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಆದರೆ ಅದು ನೀರಿನಲ್ಲಿ ಬೇಗ ಒಡೆಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಹಾಗಲ್ಲ, ಅದು ಗಟ್ಟಿ ಪಿಂಡ, ಸುಲಭಕ್ಕೆ ಒಡೆಯದೆ ಕೆಸರಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ.

‘ಇಷ್ಟು ನೀರಿನಲ್ಲಿ ಅಷ್ಟು ಸಣ್ಣ ಪ್ರಮಾಣ ಏನು ಮಾಡೀತು’ ಎಂದು ಹಿಂದೆ ವಿಜ್ಞಾನಿಗಳೂ ಅಂದುಕೊಂಡಿದ್ದರು. 2011ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಡಾನ್ ಆಂಡರ್ಸನ್ ಅವರ ತಂಡ ಆ ನೆಮ್ಮದಿಯನ್ನು ಕದಡಿತು. ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸಲು ಬೇಕಾದ ಪ್ರಮಾಣದ ನಾಲ್ಕನೇ ಒಂದು ಪಾಲಿನಿಂದ ಹಿಡಿದು 230ನೇ ಒಂದು ಪಾಲಿನಷ್ಟು ಕಡಿಮೆ ಔಷಧವಿದ್ದರೂ ನಿರೋಧಕ ಬಗೆಗಳೇ ಮೇಲುಗೈ ಪಡೆಯುತ್ತವೆ ಎಂದು ಅವರು ತೋರಿಸಿದರು. ಸಾಯಿಸಲು ಸಾಲದಷ್ಟು ಮದ್ದು, ಗಟ್ಟಿಗರನ್ನು ಆರಿಸಲು ಸಾಕಾಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನದಿ, ಕೆರೆಗಳಲ್ಲಿ ಕಾಣುವ ನಿರೋಧಕ ಜೀನ್‌ಗಳ ಪ್ರಮಾಣವನ್ನು ಮನುಷ್ಯರ ಮಲದ ಗುರುತಿನೊಂದಿಗೆ ಹೋಲಿಸಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹೆಚ್ಚಿನ ಕಡೆ ಮಲ ಎಷ್ಟು ಬೆರೆತಿದೆಯೋ ಅಷ್ಟಕ್ಕಷ್ಟೇ ಜೀನ್‌ಗಳಿದ್ದವು. ಅಂದರೆ ಅವು ನೀರಿನಲ್ಲಿ ಹೊಸದಾಗಿ ಹುಟ್ಟಿಕೊಂಡವಲ್ಲ, ನಮ್ಮ ಕರುಳಿನಿಂದಲೇ ಬಂದವು. ಲೆಕ್ಕ ತಪ್ಪಿದ್ದು ಔಷಧ ಕಾರ್ಖಾನೆಗಳ ತ್ಯಾಜ್ಯ ಬೀಳುವ ಕಡೆ. ಅಲ್ಲಿ ಮಲದ ಪ್ರಮಾಣವನ್ನು ಬಹಳ ಮೀರಿ ನಿರೋಧಕ ಜೀನ್‌ಗಳು ಬೆಳೆದಿದ್ದವು.

ಅಂಥ ಜಾಗ ನಮ್ಮ ನೆರೆಯಲ್ಲೇ ಇದೆ. ಹೈದರಾಬಾದಿನ ಅಂಚಿನ ಪಟಾಂಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯ ಸಂಸ್ಕರಿಸುತ್ತಿದ್ದ ಘಟಕದಿಂದ ಹೊರಬರುತ್ತಿದ್ದ ನೀರನ್ನು ಸ್ವೀಡನ್ನಿನ ಯೋಕಿಮ್ ಲಾರ್ಶನ್ ಮತ್ತು ಸಂಗಡಿಗರು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ಮಾತ್ರೆ ತೆಗೆದುಕೊಂಡ ರೋಗಿಯ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು, ಅದೂ ಸಂಸ್ಕರಣೆ ಮುಗಿದ ಮೇಲೆ. ಇದಾಗಿ ಹದಿಮೂರು ವರ್ಷಗಳ ಮೇಲೆ, 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಔಷಧ ಕಾರ್ಖಾನೆಗಳ ತ್ಯಾಜ್ಯದಲ್ಲಿ ಆ್ಯಂಟಿಬಯಾಟಿಕ್‌ಗಳ ಮಿತಿಯನ್ನು ಹೇಳುವ ಕರಡು ನಿಯಮ ಹೊರಡಿಸಿತು. ಜಗತ್ತಿಗೇ ಮಾದರಿಯಾಗಬಹುದಾಗಿದ್ದ ಆ ಮಿತಿಗಳು 2021ರ ಆಗಸ್ಟ್‌ನ ಅಂತಿಮ ಅಧಿಸೂಚನೆಯಲ್ಲಿ ಇರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇಂತಹ ಮಾರ್ಗಸೂಚಿ ಪ್ರಕಟಿಸಿದೆ. ಕೈಬಿಟ್ಟ ನಿಯಮವನ್ನು ಮತ್ತೆ ಕೈಗೆತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ದೆಹಲಿಯ ನೀರು ಹೇಳಿದ್ದು

ಸೆಫಲೋಸ್ಪೋರಿನ್‌ಗಳು ಸೋತಾಗ ವೈದ್ಯರು ಮೊರೆಹೋಗುವುದು ಕಾರ್ಬಪೆನೆಮ್ ಎಂಬ ಗುಂಪಿನ ಔಷಧಗಳಿಗೆ. ಐಸಿಯುಗಳಲ್ಲಿ ದಿನವೂ ಕೇಳಿಬರುವ ಮೆರೊಪೆನೆಮ್ ಈ ಗುಂಪಿನದು. ನವದೆಹಲಿಯಲ್ಲಿ ಆಸ್ಪತ್ರೆ ಸೇರಿ ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಈ ಔಷಧವನ್ನೂ ಒಡೆಯುವ ಕಿಣ್ವವೊಂದು ಸಿಕ್ಕಿತು. ಅದಕ್ಕೆ ‘ಎನ್‌ಡಿಎಂ-1’ ಎಂದು ಹೆಸರಿಟ್ಟರು. ರಾಜಧಾನಿಯ ಹೆಸರನ್ನು ಕಿಣ್ವಕ್ಕೆ ಇಟ್ಟದ್ದರ ಬಗ್ಗೆ ನಮ್ಮಲ್ಲಿ ದೊಡ್ಡ ಗದ್ದಲವೆದ್ದಿತು. ಆ ಗದ್ದಲದಲ್ಲಿ ಮುಂದಿನ ವರದಿ ಹೇಳಿದ್ದು ಸರಿಯಾಗಿ ಕಿವಿಗೆ ಬೀಳಲಿಲ್ಲ.

ಬ್ರಿಟನ್ನಿನ ತಿಮೋತಿ ವಾಲ್ಷ್ ಅವರ ತಂಡ ದೆಹಲಿಯ ಬೀದಿಗಳಲ್ಲಿ ನಿಂತ, ಹರಿಯುವ ನೀರಿನ 171 ಮಾದರಿಗಳನ್ನೂ 50 ನಲ್ಲಿ ನೀರಿನ ಮಾದರಿಗಳನ್ನೂ ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿತು. ಬೀದಿ ನೀರಿನ 51 ಮಾದರಿಗಳಲ್ಲಿ, ನಲ್ಲಿ ನೀರಿನ 2 ಮಾದರಿಗಳಲ್ಲಿ ಎನ್‌ಡಿಎಂ-1 ಜೀನ್ ಇತ್ತು. ಅದನ್ನು ಹೊತ್ತಿದ್ದ ಬ್ಯಾಕ್ಟೀರಿಯಾಗಳಲ್ಲಿ ಕಾಲರಾದ ವಿಬ್ರಿಯೋ, ಆಮಶಂಕೆಯ ಶಿಗೆಲ್ಲಾ ಕೂಡ ಇದ್ದವು. ಹೋಲಿಕೆಗಾಗಿ ಪರೀಕ್ಷಿಸಿದ ಕಾರ್ಡಿಫ್ ನಗರದ ಕೊಳಚೆಯಲ್ಲಿ ಅದು ಸಿಗಲಿಲ್ಲ. ಇನ್ನೊಂದು ಮಾತನ್ನೂ ಆ ವರದಿ ಹೇಳಿತ್ತು: ಈ ಜೀನ್ ಹೊತ್ತ ಪ್ಲಾಸ್ಮಿಡ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೆಚ್ಚು ದಾಟುವುದು ದೇಹದ ಬಿಸಿಯಾದ 37 ಡಿಗ್ರಿಯಲ್ಲಲ್ಲ, 30 ಡಿಗ್ರಿಯಲ್ಲಿ. ವರ್ಷದ ಬಹುಪಾಲು ನಮ್ಮ ಊರುಗಳ ಚರಂಡಿಯ ಬಿಸಿ ಆಸುಪಾಸು ಅಷ್ಟೇ.

ಆಸ್ಪತ್ರೆಗಳಲ್ಲಿ ಇದರ ಪರಿಣಾಮ ಕಾಣುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಆಸ್ಪತ್ರೆಗಳಲ್ಲಿ 2017ರಲ್ಲಿ ಶೇ 81ರಷ್ಟು ಇ. ಕೋಲಿ ಮಾದರಿಗಳು ಕಾರ್ಬಪೆನೆಮ್ ಗುಂಪಿನದೇ ಆದ ಇಮಿಪೆನೆಮ್‌ಗೆ ಬಗ್ಗುತ್ತಿದ್ದವು. 2023ರ ಹೊತ್ತಿಗೆ ಅದು ಸುಮಾರು ಶೇ 63ಕ್ಕೆ ಇಳಿಯಿತು. ಔಷಧ ನಿರೋಧಕತೆಯೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ‘ಲ್ಯಾನ್ಸೆಟ್’ನಲ್ಲಿ ಬಂದ ಅಂದಾಜು ಹೇಳುತ್ತದೆ.

ಮಾತ್ರೆ ನುಂಗದವರ ಕರುಳಿಗೂ

‘ನಾನು ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವುದೇ ಇಲ್ಲ, ನನಗೇನು ಭಯ’ ಎನ್ನುವವರು ಡಚ್ ಪ್ರವಾಸಿಗಳ ಅಧ್ಯಯನವೊಂದನ್ನು ನೋಡಬೇಕು. ನೆದರ್‌ಲೆಂಡ್ಸ್‌ನಿಂದ ಬೇರೆ ದೇಶಗಳಿಗೆ ಹೋಗಿಬಂದ ಸುಮಾರು ಎರಡು ಸಾವಿರ ಜನರ ಮಲವನ್ನು ಹೊರಡುವ ಮುಂಚೆ ಮತ್ತು ಮರಳಿದ ಮೇಲೆ ಪರೀಕ್ಷಿಸಿದ ಆ ವರದಿ 2017ರಲ್ಲಿ ಬಂತು. ಹೋಗುವಾಗ ಇಲ್ಲದ, ಸೆಫಲೋಸ್ಪೋರಿನ್‌ಗಳನ್ನು ಒಡೆಯುವ ಬ್ಯಾಕ್ಟೀರಿಯಾ ಒಟ್ಟು ಪ್ರವಾಸಿಗಳಲ್ಲಿ ಮೂವರಲ್ಲಿ ಒಬ್ಬರ ಕರುಳಿಗೆ ಸೇರಿತ್ತು. ದಕ್ಷಿಣ ಏಷ್ಯಾಕ್ಕೆ ಬಂದುಹೋದವರಲ್ಲಿ ನಾಲ್ವರಲ್ಲಿ ಮೂವರಿಗೆ ಸೇರಿತ್ತು. ಅವರಲ್ಲಿ ಬಹುಪಾಲು ಜನ ಯಾವ ಆ್ಯಂಟಿಬಯಾಟಿಕ್ಕನ್ನೂ ನುಂಗಿರಲಿಲ್ಲ. ಇಲ್ಲಿನ ಅನ್ನ-ನೀರಿನ ಜೊತೆ ಒಂದಿಷ್ಟು ದಿನ ಕಳೆದಿದ್ದರು, ಅಷ್ಟೇ. ಅವರಲ್ಲಿ ಹೆಚ್ಚಿನವರ ಕರುಳಿನಿಂದ ಕೆಲವು ವಾರ, ತಿಂಗಳುಗಳಲ್ಲಿ ಅದು ತಾನಾಗಿ ಹೊರಟುಹೋಯಿತು. ಇಲ್ಲೇ ಹುಟ್ಟಿ ಇಲ್ಲೇ ಬದುಕುವ ನಮಗೆ ಅಂಥ ಬಿಡುವು ಸಿಗುವುದಿಲ್ಲ.

ಮರುವರ್ಷ ಪೀಟರ್ ಕಾಲಿಗ್ನನ್ ಮತ್ತು ಸಂಗಡಿಗರು 103 ದೇಶಗಳ ಅಂಕಿಅಂಶಗಳನ್ನು ಒಟ್ಟಿಗಿಟ್ಟು ನೋಡಿದರು. ಒಂದು ದೇಶ ಎಷ್ಟು ಆ್ಯಂಟಿಬಯಾಟಿಕ್ ಬಳಸುತ್ತದೆ ಎಂಬುದಕ್ಕಿಂತ ಅಲ್ಲಿನ ಶುದ್ಧ ನೀರು, ಶೌಚ ವ್ಯವಸ್ಥೆಯಂತಹ ಮೂಲಸೌಕರ್ಯ ಮತ್ತು ಆಡಳಿತದ ಗುಣಮಟ್ಟ ನಿರೋಧಕತೆಯ ಪ್ರಮಾಣದೊಂದಿಗೆ ಹೆಚ್ಚು ಗಟ್ಟಿಯಾಗಿ ಹೊಂದಿಕೊಂಡಿದ್ದವು. 2019ರಲ್ಲಿ 60 ದೇಶಗಳ ಕೊಳಚೆಯ ಡಿಎನ್ಎ ಓದಿದ ಡೆನ್ಮಾರ್ಕಿನ ಫ್ರಾಂಕ್ ಆರೆಸ್ಟ್ರಪ್ ಅವರ ತಂಡವೂ ಇದೇ ಮಾತನ್ನು ಹೇಳಿತು. ಮೂರು ವರ್ಷಗಳ ಮೇಲೆ ಅದೇ ಬಳಗದ ಅಧ್ಯಯನ 101 ದೇಶಗಳ 243 ನಗರಗಳಿಗೆ ಹಬ್ಬಿತು.

ಇದರ ಅರ್ಥ ಮಾತ್ರೆಯನ್ನು ಹೇಗೆ ಬೇಕಾದರೂ ನುಂಗಬಹುದು ಎಂದಲ್ಲ. ನಿರೋಧಕತೆ ಹುಟ್ಟುವುದು ಔಷಧದ ಬಳಕೆಯಿಂದಲೇ. ಆದರೆ ಹುಟ್ಟಿದ್ದು ಹರಡುವುದು ಹೊಲಸಿನಿಂದ. ನಮ್ಮ ಜಾಹೀರಾತುಗಳು, ಭಿತ್ತಿಪತ್ರಗಳು ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತಿವೆ. ‘ಕೋರ್ಸ್ ಪೂರ್ತಿ ಮಾಡಿ’ ಎಂದು ಬಡಾವಣೆಯ ತಾಯಿಗೆ ಬುದ್ಧಿ ಹೇಳುತ್ತೇವೆ; ಅವಳ ಮನೆಯ ಮುಂದೆ ಉಕ್ಕುವ ಮ್ಯಾನ್‌ಹೋಲ್ ಬಗ್ಗೆ ಸುಮ್ಮನಿರುತ್ತೇವೆ.

ಸಂಸ್ಕರಣೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಬೆಂಗಳೂರಿನ ದೊಡ್ಡ ಎಸ್‌ಟಿಪಿಯೊಂದಕ್ಕೆ, ಅಂದರೆ ಕೊಳಚೆನೀರು ಸಂಸ್ಕರಣಾ ಘಟಕಕ್ಕೆ, ಹೋದರೆ ಮೊದಲು ಸಿಗುವುದು ಕಬ್ಬಿಣದ ಜಾಲರಿ. ಪ್ಲಾಸ್ಟಿಕ್ ಚೀಲ, ಬಟ್ಟೆ, ಸ್ಯಾನಿಟರಿ ಪ್ಯಾಡ್, ಶಾಂಪೂ ಸ್ಯಾಶೆಗಳೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಮರಳು ಕೆಳಗಿಳಿದ ಮೇಲೆ ನೀರು ಗಾಳಿ ಊದುವ ತೊಟ್ಟಿಗೆ ಬರುತ್ತದೆ. ಅಲ್ಲಿ ತಳದಿಂದ ಏಳುವ ಗುಳ್ಳೆಗಳಿಂದ ಕಂದು ಬಣ್ಣದ ನೀರು ಒಂದೇ ಸಮ ಮೊರೆಯುತ್ತಿರುತ್ತದೆ. ಅದರಲ್ಲಿ ತೇಲುವ ಸಣ್ಣ ಸಣ್ಣ ಉಂಡೆಗಳೇ ಸಂಸ್ಕರಣೆಯ ಕೆಲಸಗಾರರು: ಕೋಟ್ಯಂತರ ಬ್ಯಾಕ್ಟೀರಿಯಾಗಳ ಗುಂಪುಗಳು. ಆಮ್ಲಜನಕ ಸಿಕ್ಕೊಡನೆ ಅವು ಹೊಲಸನ್ನು ತಿಂದು ನೀರನ್ನು ತಿಳಿಗೊಳಿಸುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1914ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ರೂಪಿಸಿದ ಈ ವಿಧಾನವೇ ಇಂದಿಗೂ ಜಗತ್ತಿನ ನಗರಗಳ ಬೆನ್ನೆಲುಬು. ಮುಂದಿನ ತೊಟ್ಟಿಯಲ್ಲಿ ಉಂಡೆಗಳು ಕೆಳಗೆ ಕೂತು ಮೇಲಿನ ನೀರು ಹೊರಗೆ ಹೋಗುತ್ತದೆ. ಕೊನೆಗೆ ಕ್ಲೋರಿನ್.

ಚೆನ್ನಾಗಿ ನಡೆಯುವ ಘಟಕದಲ್ಲಿ ಕರುಳಿನ ಬ್ಯಾಕ್ಟೀರಿಯಾದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಈ ಹಂತಗಳಲ್ಲಿ ಕಳೆದುಹೋಗುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಹಸಿ ಕೊಳಚೆಯ ನೂರು ಮಿಲಿಲೀಟರ್‌ನಲ್ಲಿ ಅವು ಲಕ್ಷ, ಕೋಟಿಗಳ ಲೆಕ್ಕದಲ್ಲಿರುವುದರಿಂದ ಉಳಿದ ಸಣ್ಣ ಪಾಲೂ ದೊಡ್ಡದೇ. ಗಾಳಿ ತೊಟ್ಟಿಯ ಉಂಡೆಗಳಲ್ಲಿ ಬ್ಯಾಕ್ಟೀರಿಯಾಗಳು ಮೈಗೆ ಮೈ ತಾಗಿಸಿಕೊಂಡೇ ಇರುವುದರಿಂದ ಅಲ್ಲೂ ಪ್ಲಾಸ್ಮಿಡ್ ಹಂಚಿಕೆ ನಡೆಯುತ್ತದೆ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಂದರೂ ಅದರ ಡಿಎನ್ಎ ಪೂರ್ತಿ ಚೂರಾಗದೆ ಉಳಿಯಬಹುದು. ಸತ್ತದ್ದರಿಂದ ಬದುಕಿರುವುದಕ್ಕೆ ಗುಣ ದಾಟಬಲ್ಲದೆಂದು ಗ್ರಿಫಿತ್ ತೋರಿಸಿದ್ದನ್ನು ಇಲ್ಲಿ ನೆನೆಯಬೇಕು. ತೊಟ್ಟಿಯ ತಳದ ಕೆಸರನ್ನು ಒಣಗಿಸಿದ ಮೇಲೆ ರೈತರು ಗೊಬ್ಬರಕ್ಕೆಂದು ಒಯ್ಯುತ್ತಾರೆ. ಅದನ್ನು ಬಿಸಿಯೇರುವಂತೆ ಚೆನ್ನಾಗಿ ಕಳಿಸದಿದ್ದರೆ ನಿರೋಧಕ ಬ್ಯಾಕ್ಟೀರಿಯಾವೂ ಹೊಲ ಸೇರುತ್ತದೆ.

ಈ ಮಾತು ಕೋಲಾರದವರಿಗೆ ಹೊಸತಲ್ಲ. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರ್‌ನಂತೆ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವುದು ಉದ್ದೇಶ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ, ರೈತರ ಮುಖದಲ್ಲಿ ಗೆಲುವು ಕಂಡದ್ದೂ ನಿಜ. ಆದರೆ ಆ ನೀರು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಣೆಯಾದದ್ದು. ಮೂರನೇ ಹಂತವೂ ಆಗಲೇಬೇಕು ಎಂದು ಆ ಭಾಗದ ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಲೋಹ, ರಾಸಾಯನಿಕಗಳ ಜೊತೆಗೆ ಔಷಧ ನಿರೋಧಕತೆಯನ್ನೂ ಆ ಬೇಡಿಕೆಯ ಪಟ್ಟಿಗೆ ಸೇರಿಸಲು ವಿಜ್ಞಾನದ ಪೂರ್ಣ ಬೆಂಬಲವಿದೆ. ಮರಳು ಮತ್ತು ಪೊರೆಯ ಸೋಸುವಿಕೆ, ಓಜೋನ್, ನೇರಳಾತೀತ ಕಿರಣಗಳಂತಹ ಮೂರನೇ ಹಂತದ ಕ್ರಮಗಳು ಬ್ಯಾಕ್ಟೀರಿಯಾವನ್ನೂ ಅದರ ಜೀನ್‌ಗಳನ್ನೂ ಇನ್ನಷ್ಟು ತಗ್ಗಿಸುತ್ತವೆ.

ನಗರದ ಇನ್ನೊಂದು ಮಗ್ಗುಲಲ್ಲಿ ವೃಷಭಾವತಿಯ ಕಥೆ. ಹೊಳೆಯ ಹೆಸರಷ್ಟೇ ಉಳಿದಿರುವ ಈ ಹರಿವು ಬೈರಮಂಗಲ ಕೆರೆ ಸೇರಿ, ಅಲ್ಲಿಂದ ಮುಂದೆ ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದಾರಿಯುದ್ದಕ್ಕೂ ಅದೇ ನೀರಿನಲ್ಲಿ ಮೇವು, ತರಕಾರಿ ಬೆಳೆಯುತ್ತಾರೆ. ಬೇರೆ ನೀರಿಲ್ಲದ ರೈತರನ್ನು ಇದಕ್ಕೆ ದೂರುವಂತಿಲ್ಲ. ದೂರಬೇಕಾದದ್ದು ಮೇಲಿನಿಂದ ಹೊಲಸು ಬಿಟ್ಟ ನಗರವನ್ನು.

ಆಗಬೇಕಾದದ್ದು

ಮೊದಲ ಕೆಲಸ ಅಳೆಯುವುದು. ಎಸ್‌ಟಿಪಿಯಿಂದ ಹೊರಬರುವ ನೀರಿಗೆ 2017ರ ಕೇಂದ್ರದ ಅಧಿಸೂಚನೆ ಕರುಳಿನ ಬ್ಯಾಕ್ಟೀರಿಯಾದ ಮಿತಿಯನ್ನು ಹೇಳಿದೆ; ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಲು ಹೇಳಿತು. ಆ ಬ್ಯಾಕ್ಟೀರಿಯಾದಲ್ಲಿ ಎಷ್ಟು ಮದ್ದಿಗೆ ಬಗ್ಗದವು ಎಂದು ಯಾವ ಮಾನದಂಡವೂ ಕೇಳುವುದಿಲ್ಲ. ಎರಡು ತಟ್ಟೆಗಳ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡುವುದು ಜಲಮಂಡಳಿಯ ಲ್ಯಾಬ್‌ಗಳಿಗೆ ಭಾರವಲ್ಲ. ಇದಕ್ಕೆ ಬೇಕಾದ ಅನುಭವವೂ ನಮ್ಮಲ್ಲಿದೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನ 28 ಎಸ್‌ಟಿಪಿಗಳಿಂದ ಮಾದರಿ ತಂದು ವೈರಸ್ಸಿನ ಏರಿಳಿತವನ್ನು ನಮ್ಮದೇ ವಿಜ್ಞಾನಿಗಳು ಹಿಂಬಾಲಿಸಿದರು. ಮುಂಬೈನಲ್ಲಿ 2001ರಿಂದಲೇ ಪೋಲಿಯೊ ವೈರಸ್ಸಿಗಾಗಿ ಚರಂಡಿ ನೀರನ್ನು ಪರೀಕ್ಷಿಸುತ್ತಿದ್ದಾರೆ. ಆ ಕಣ್ಗಾವಲನ್ನು ಔಷಧ ನಿರೋಧಕತೆಗೂ ಕಾಯಂ ಆಗಿ ಹಚ್ಚಬೇಕು, ಫಲಿತಾಂಶ ವಾರ್ಡುವಾರು ಜನರಿಗೆ ಸಿಗುವಂತಿರಬೇಕು. ಯಾವ ಬಡಾವಣೆಯಲ್ಲಿ ಯಾವ ಮದ್ದು ಸೋಲುತ್ತಿದೆ ಎಂಬುದು ಗೊತ್ತಾದರೆ ಅಲ್ಲಿನ ವೈದ್ಯರ ಚೀಟಿಗೂ ಅದು ದಾರಿ ತೋರಿಸುತ್ತದೆ.

ಎರಡನೆಯದು ಮೂಲದಲ್ಲೇ ತಡೆಯುವುದು. ಆಸ್ಪತ್ರೆಯ ಕೊಳಚೆಯಲ್ಲಿ ಔಷಧವೂ ನಿರೋಧಕ ಬ್ಯಾಕ್ಟೀರಿಯಾವೂ ಸಾಂದ್ರವಾಗಿ ಇರುತ್ತವೆ. ಲ್ಯಾಬ್‌ನ ದ್ರವ ತ್ಯಾಜ್ಯವನ್ನು ಹೊರಬಿಡುವ ಮೊದಲೇ ಸಂಸ್ಕರಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಅದು ಕಾಗದದಲ್ಲಿ ಉಳಿಯದಂತೆ ಮಾಲಿನ್ಯ ನಿಯಂತ್ರಣ ಮಂಡಳಿ ನೋಡಿಕೊಳ್ಳಬೇಕು. ಔಷಧ ಕಾರ್ಖಾನೆಗಳ ತ್ಯಾಜ್ಯಕ್ಕೆ 2020ರ ಕರಡಿನ ಮಿತಿಗಳು ಮರಳಬೇಕು. ಅಪಾರ್ಟ್‌ಮೆಂಟ್‌ಗಳ ಪುಟ್ಟ ಎಸ್‌ಟಿಪಿಗಳನ್ನು ತರಬೇತಿಯಿಲ್ಲದ ಒಬ್ಬ ಕೆಲಸಗಾರನ ಕೈಗೆ ಬಿಟ್ಟು ಮರೆಯುವುದು ನಿಲ್ಲಬೇಕು. ಅಲ್ಲಿ ಸಂಸ್ಕರಿಸಿದ ನೀರೇ ಮರಳಿ ಮನೆಯ ಫ್ಲಶ್‌ಗೆ, ಮಕ್ಕಳು ಆಡುವ ಹುಲ್ಲುಹಾಸಿಗೆ ಬರುತ್ತದೆ.

ಮೂರನೆಯದು ಕೆಲಸಗಾರರು. ಕಟ್ಟಿಕೊಂಡ ಕೊಳವೆ ಬಿಡಿಸುವವರು, ಜಾಲರಿಯ ಕಸ ತೆಗೆಯುವವರು, ಕೆಸರು ಗುಡಿಸುವವರು ಈ ಬ್ಯಾಕ್ಟೀರಿಯಾಗಳಿಗೆ ಎಲ್ಲರಿಗಿಂತ ಹತ್ತಿರದಲ್ಲಿದ್ದಾರೆ. ಕೈಗವಸು, ಬೂಟು, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ಬಿಸಿನೀರು, ಕಾಲಕಾಲಕ್ಕೆ ಆರೋಗ್ಯ ತಪಾಸಣೆ ಅವರ ಹಕ್ಕು. ಅವರ ಗಾಯಕ್ಕೆ ಮದ್ದು ಹಿಡಿಯದಿದ್ದರೆ ನಗರದ ಆರೋಗ್ಯದ ಮಾತಿಗೆ ಅರ್ಥವೇ ಇಲ್ಲ.

ಮನೆಯಲ್ಲಿ ನಾವು ಮಾಡಬೇಕಾದದ್ದೂ ಇದೆ. ನೆಗಡಿ, ಫ್ಲೂ ವೈರಸ್‌ನಿಂದ ಬರುವ ಕಾಯಿಲೆಗಳು. ಅವಕ್ಕೆ ಆ್ಯಂಟಿಬಯಾಟಿಕ್ ಕೇಳಿ ಪಡೆಯಬಾರದು. 2014ರಿಂದ ಜಾರಿಯಲ್ಲಿರುವ ‘ಎಚ್1’ ಪಟ್ಟಿಯ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದರ ದಾಖಲೆಯನ್ನು ಅಂಗಡಿಯವರು ಮೂರು ವರ್ಷ ಇಟ್ಟಿರಬೇಕು ಎಂಬುದು ನೆನಪಿರಲಿ. ಉಳಿದ ಮಾತ್ರೆಯನ್ನು ಕಮೋಡಿಗೆ ಸುರಿಯಬಾರದು. ಹಸಿಯಾಗಿ ತಿನ್ನುವ ಸೊಪ್ಪು, ಕ್ಯಾರೆಟ್, ಮೂಲಂಗಿಯನ್ನು ಹರಿಯುವ ಶುದ್ಧ ನೀರಿನಲ್ಲಿ ತೊಳೆಯಬೇಕು. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದಕ್ಕೆ ಬಿಸಿಯ ವಿರುದ್ಧ ಯಾವ ನಿರೋಧಕತೆಯೂ ಇಲ್ಲ. ಆದರೆ ಇವೆಲ್ಲಕ್ಕಿಂತ ಹೆಚ್ಚಿನ ಫಲ ಕೊಡುವುದು ನಾಗರಿಕರಾಗಿ ಕೇಳುವ ಪ್ರಶ್ನೆಗಳು. ನಮ್ಮ ವಾರ್ಡಿನ ಕೊಳಚೆ ಯಾವ ಎಸ್‌ಟಿಪಿಗೆ ಹೋಗುತ್ತದೆ? ಎಷ್ಟು ಪಾಲು ಸಂಸ್ಕರಣೆಯಿಲ್ಲದೆ ರಾಜಕಾಲುವೆಗೆ ಬೀಳುತ್ತದೆ? ಕುಡಿಯುವ ನೀರಿನ ಕೊಳವೆಯ ಪಕ್ಕದಲ್ಲೇ ಒಳಚರಂಡಿಯ ಕೊಳವೆ ಸೋರುತ್ತಿದೆಯೇ? ರಸ್ತೆ, ಮೇಲ್ಸೇತುವೆಗಳ ಬಗ್ಗೆ ಶಾಸಕರನ್ನು ಕೇಳುವಷ್ಟೇ ಹಕ್ಕಿನಿಂದ ಇವನ್ನೂ ಕೇಳಬೇಕು.

ಹೊಸ ಆ್ಯಂಟಿಬಯಾಟಿಕ್ ಒಂದನ್ನು ಹುಡುಕಿ ಮಾರುಕಟ್ಟೆಗೆ ತರಲು ಹತ್ತಾರು ವರ್ಷ, ಸಾವಿರಾರು ಕೋಟಿ ರೂಪಾಯಿ ಬೇಕು. ಬಂದದ್ದು ಕೆಲವೇ ವರ್ಷಗಳಲ್ಲಿ ಸೋಲುವುದನ್ನು ಸೆಫೊಟ್ಯಾಕ್ಸಿಮ್‌ನಲ್ಲಿ ಕಂಡಿದ್ದೇವೆ. ಸೋರದ ಕೊಳವೆ, ಕೆಟ್ಟು ನಿಲ್ಲದ ಎಸ್‌ಟಿಪಿ, ಎಲ್ಲ ಮನೆಗೂ ಶುದ್ಧ ನೀರು ಇವಕ್ಕೆ ಹೊಸ ಸಂಶೋಧನೆ ಏನೂ ಬೇಕಿಲ್ಲ. ವಿಧಾನ ನೂರು ವರ್ಷ ಹಳೆಯದು. ಇವುಗಳಿಂದ ಸೋಂಕೇ ಕಡಿಮೆಯಾಗುತ್ತದೆ, ಸೋಂಕು ಕಡಿಮೆಯಾದಷ್ಟೂ ಮಾತ್ರೆ ಕಡಿಮೆಯಾಗುತ್ತದೆ, ಮಾತ್ರೆ ಕಡಿಮೆಯಾದಷ್ಟೂ ಅದರ ಆಯುಸ್ಸು ಹೆಚ್ಚುತ್ತದೆ. ಆದ್ದರಿಂದ ಒಳಚರಂಡಿಗೆ ಸುರಿಯುವ ದುಡ್ಡನ್ನು ನಗರಾಭಿವೃದ್ಧಿಯ ಖರ್ಚೆಂದು ಮಾತ್ರ ನೋಡಬಾರದು. ಮುಂದಿನ ತಲೆಮಾರಿನ ಬಾಣಂತಿಗೆ, ಹಸುಗೂಸಿಗೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವವರಿಗೆ ಕೆಲಸ ಮಾಡುವ ಮದ್ದು ಉಳಿಸಿಕೊಡುವ ಆರೋಗ್ಯ ಬಜೆಟ್ ಅದು.